ಒಂದು ದಿನ ತಪ್ಪಿದ ತಿಥಿ

ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಊಟದ ಮೇಜಿನ ಬಳಿ ಯಾರೂ ದನಿ ಎತ್ತಬಾರದು ಅನ್ನುವುದು ಕ್ರೋನ್‌ಗೋಲ್ಡ್ ಮನೆಯ ಕಟ್ಟಳೆ. ಮುರಿಯುವುದಕ್ಕೆಂದೇ ಮಾಡಿಕೊಂಡ ಕಟ್ಟಳೆ ಅದು. ವಾರವಿಡೀ ಮಗ್ಗಗಳ ಸದ್ದಿನ ನಡುವೆ ಕೂಗಿ ಮಾತಾಡುವ ಸೀಮೋರ್‌ಗೆ ಮೆಲ್ಲಗೆ ಮಾತಾಡುವುದೇ ಬರುತ್ತಿರಲಿಲ್ಲ.

"ಇನ್ಮೇಲೆ ಮಂಗಳವಾರ, ಗುರುವಾರ ನಾನು ಬರೋದು ರಾತ್ರಿಯಾಗುತ್ತೆ," ಅಂದಳು ಮಗಳು ಮಿಂಡಿ, ಕೋಳಿಸಾರಿನ ಬಟ್ಟಲನ್ನು ಅಜ್ಜಿಯ ಮುಂದಿಡುತ್ತ. "ಇನ್ನೊಂದು ವಿಷಯ ತಗೊಂಡಿದೀನಿ. ಯೆಹೂದಿ ಅಧ್ಯಯನ. ಉಪವಿಷಯವಾಗಿ."

ಸೀಮೋರ್ ಚಮಚ ಕೆಳಗಿಟ್ಟ. "ನಿನ್ನ ಯೂನಿವರ್ಸಿಟಿಗೆ ಕಳಿಸಿದ್ದು ಲ್ಯಾಬ್ ಕೆಲಸ ಕಲೀಲಿ ಅಂತ. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ. ಅದಕ್ಕೆ ಎಲ್ಲಾ ಆಸ್ಪತ್ರೇಲೂ ಕೆಲಸ ಇದೆ. ಯೆಹೂದಿ ಆಗೋದನ್ನ ಕಲಿಯೋಕೆ ಯೂನಿವರ್ಸಿಟಿ ಬೇಕೇನೇ? ಈ ಮನೇಲಿ ಅದು ಪುಕ್ಕಟೆ."

"ಪುಕ್ಕಟೆ ಸಿಕ್ಕಿದ್ದಕ್ಕೇ ನಿಮಗೆ ಅದರಲ್ಲಿ ಏನೂ ಗೊತ್ತಿಲ್ಲ ಅಪ್ಪ."

"ಮಿಂಡಿ!" ಅಂದಳು ತಾಯಿ ಲೆನೋರ್.

"ಇರಲಿ ಬಿಡು, ಕೇಳೋಣ. ಯಾರಂತೆ ಮೇಷ್ಟ್ರು? ರಬ್ಬಿಯೋ?"

"ಮಿಸೆಸ್ ಡೂಲಿ ಅಂತ."

"ಡೂಲಿ!" ಸೀಮೋರ್ ಛಾವಣಿ ನೋಡಿದ. "ಐರಿಷ್ ಹೆಂಗಸು ನನ್ನ ಮಗಳಿಗೆ ಯೆಹೂದಿಗಳು ಅಂದ್ರೆ ಯಾರು ಅಂತ ಹೇಳಿಕೊಡ್ತಾಳೆ."

"ಆಕೆ ನಮ್ಮ ಯಿದ್ದಿಶ್ ಭಾಷೆ ಓದ್ತಾರೆ, ಬರೀತಾರೆ. ನಿಮಗೆ ಅದು ಬರೋದು ಬೈಯೋಕೆ ಮಾತ್ರ."

ಲೆನೋರ್‌ಗೆ ನಗು ತಡೆಯಲಾಗಲಿಲ್ಲ. ಅದು ಸೀಮೋರ್‌ನನ್ನು ಇನ್ನಷ್ಟು ಕೆರಳಿಸಿತು. "ನಗು. ನೀನು ಔಷಧಿ ಅಂಗಡಿಯಿಂದ ಬರೋದು ಆರೂವರೆಗೆ, ನಾನು ಬರೋದು ಆರಕ್ಕೆ. ಅಲ್ಲೀವರೆಗೆ ಅಮ್ಮನ ಯಾರು ನೋಡ್ಕೋತಾರೆ? ಡೂಲಿ ಬರ್ತಾಳಾ?"

ನಿಜವಾದ ಮಾತು ಅದು. ಎಪ್ಪತ್ತನಾಲ್ಕರ ಫೈಗಜ್ಜಿ ಬೇಸಿಗೆಯ ಮೊದಲಲ್ಲಿ ಬಚ್ಚಲಲ್ಲಿ ಜಾರಿದ್ದಳು. ಅಂದಿನಿಂದ ಮಧ್ಯಾಹ್ನದ ಮೇಲೆ ಅವಳ ಬಳಿ ಇರುತ್ತಿದ್ದವಳು ಮಿಂಡಿ. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅವಳು ಬ್ರೆಡ್ಡಿನ ತುಂಡೊಂದನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ಪೂರ್ತಿ ಅಗಿದು ನುಂಗಿದ ಮೇಲೆ ಕೇಳಿದಳು: "ಓದೋದು ಕಲಿಸ್ತಾರಾ ಅಲ್ಲಿ? ನಮ್ಮ ಅಕ್ಷರ?"

"ಹೂಂ ಅಜ್ಜಿ."

"ಹಾಗಾದ್ರೆ ಹೋಗಲಿ. ನಾನೇನು ತೊಟ್ಟಿಲ ಕೂಸಲ್ಲ. ನಮ್ಮಪ್ಪ ನಮ್ಮಣ್ಣಂದಿರ ಕೈಗೆ ಪುಸ್ತಕ ಕೊಟ್ಟ, ನನ್ನ ಕೈಗೆ ಎಂಟನೇ ವರ್ಷಕ್ಕೆ ನೂಲಿನ ಕದಿರು ಕೊಟ್ಟ. ಈ ಮನೇಲಿ ಒಬ್ಬ ಹೆಂಗಸಾದ್ರೂ ಓದಲಿ."

ಸೀಮೋರ್ ತಾಯಿಯ ಮಾತು ಮೀರಿದವನಲ್ಲ. ಚಮಚ ಎತ್ತಿಕೊಂಡ.

ಪ್ಯಾಟರ್ಸನ್ ಊರಿನಲ್ಲಿ ಆಗ ರೇಷ್ಮೆಯ ಕಾಲ ಮುಗಿದು ಹೋಗಿತ್ತು. ನದಿಯ ಪಕ್ಕದ ಇಟ್ಟಿಗೆ ಮಿಲ್ಲುಗಳಲ್ಲಿ ಪಾರಿವಾಳಗಳಿದ್ದವು. ಕೈಯಲ್ಲಿ ನಾಲ್ಕು ಕಾಸಿದ್ದ ಯೆಹೂದಿಗಳು ನದಿ ದಾಟಿ ಹುಲ್ಲುಹಾಸಿನ ಮನೆಗಳಿಗೆ ಹೋಗಿಬಿಟ್ಟಿದ್ದರು. ಉಳಿದಿದ್ದ ಟೆಪ್ಲಿನ್ ಮಿಲ್ಲು ಈಗ ರೇಷ್ಮೆ ಬಿಟ್ಟು, ಅಂಗಿಯ ಕತ್ತಿಗೆ ಹೊಲಿಯುವ ಹೆಸರುಪಟ್ಟಿಗಳನ್ನು ನೇಯುತ್ತಿತ್ತು. ಸೀಮೋರ್ ಹದಿನಾರನೇ ವಯಸ್ಸಿಗೆ ಅಲ್ಲಿ ಸೇರಿ, ಮೂವತ್ತನಾಲ್ಕು ವರ್ಷ ಅದರ ಮಗ್ಗಗಳನ್ನು ರಿಪೇರಿ ಮಾಡಿದ್ದ. ಅವನಪ್ಪ ಮೆಂಡೆಲ್ ಅಲ್ಲೇ ನೇಕಾರನಾಗಿದ್ದವನು. ಸೀಮೋರ್ ಆರು ವರ್ಷದವನಾಗಿದ್ದಾಗ, ಸಾವಿರದ ಒಂಬೈನೂರ ಮೂವತ್ತೆಂಟರ ಡಿಸೆಂಬರಿನಲ್ಲಿ, ಕೆಲಸ ಮುಗಿಸಿ ಬಂದು ಇದೇ ಮನೆಯ ಹಿಂಬದಿ ಮೆಟ್ಟಿಲಿನ ಮಂಜಿನ ಮೇಲೆ ಜಾರಿ ಸತ್ತ. ಮಿಂಡಿ ನಡೆಯಲು ಕಲಿತ ದಿನದಿಂದ ಕೇಳಿದ ಮಾತು ಒಂದೇ: "ಕಂಬಿ ಹಿಡ್ಕೋ, ತಾತ ಬಿದ್ದ ಮೆಟ್ಟಿಲು ಅದು." ಸತ್ತವರ ಹೆಸರನ್ನು ಹುಟ್ಟಿದವರಿಗೆ ಇಡುವ ಜನ ಅವರು, ಮೆಂಡೆಲ್‌ನ ಹೆಸರೇ ತಿರುಗಿ ಮಿಂಡಿಯಾಗಿತ್ತು.

ಅಕ್ಟೋಬರ್ ತಿಂಗಳೆಲ್ಲ ಅಡುಗೆಮನೆಯ ಮೇಜೇ ಮಿಂಡಿಯ ಓದಿನ ಕೋಣೆಯಾಯಿತು. ಒಂದು ಕಡೆ ರಕ್ತಕಣಗಳ ಚಿತ್ರವಿದ್ದ ದಪ್ಪ ಪುಸ್ತಕ, ಇನ್ನೊಂದು ಕಡೆ ಯಿದ್ದಿಶ್ ಪಾಠ. ನಡುವೆ ಸುಲಿಯಬೇಕಾದ ಆಲೂಗಡ್ಡೆ. ಬಲದಿಂದ ಎಡಕ್ಕೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಅವಳು ಗಟ್ಟಿಯಾಗಿ ಓದುತ್ತಿದ್ದರೆ, ಅಜ್ಜಿ ಗಾಜಿನ ಲೋಟದ ಚಹಾ ಹಿಡಿದು, ಸಕ್ಕರೆ ಹೆಂಟೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ತಿದ್ದುತ್ತಿದ್ದಳು.

"ಹಾಗಲ್ಲ. ನೀನು ಹೇಳೋದು ಕೇಳಿದ್ರೆ ಯಾರೋ ಪಾದ್ರಿ ಕೆಮ್ಮಿದ ಹಾಗಿದೆ. ಗಂಟಲಿಂದ ಬರಲಿ."

"ಪುಸ್ತಕದಲ್ಲಿ ಹೀಗೇ ಇದೆ ಅಜ್ಜಿ."

"ಪುಸ್ತಕದವರು ನಾವು ಹುಟ್ಟಿದ ಲೂಜ್ ಊರಿನ ಕಡೆಯವರಲ್ಲ, ಅಷ್ಟೆ."

ಲೆನೋರ್ ಒಳಗೆ ಬಂದವಳೇ ಕಿರುಚಿದಳು: "ಅಯ್ಯೋ, ಅದು ಬೆಣ್ಣೆ ಚಾಕು ಕಣೇ! ಮಾಂಸದ ಪಾತ್ರೆಗೆ ಹೋಗೋ ಆಲೂಗಡ್ಡೆನ ಹಾಲಿನ ಚಾಕಲ್ಲಿ ಸುಲೀತಿದೀಯಲ್ಲ! ಹಾಲು, ಮಾಂಸ ಒಂದಕ್ಕೊಂದು ಸೋಕಬಾರದು. ಯೆಹೂದಿ ಅಧ್ಯಯನವಂತೆ. ಡೂಲಿಗೆ ಹೇಳು, ಮೊದಲು ಚಾಕು ಕಲಿಸಲಿ ಅಂತ."

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಅಷ್ಟು ನಕ್ಕಿದ್ದು ಆ ವರ್ಷ ಅದೇ ಕೊನೆ.

ನವೆಂಬರಿನಲ್ಲಿ ಮಿಸೆಸ್ ಡೂಲಿ ತರಗತಿಗೆ ಒಂದು ಕೆಲಸ ಕೊಟ್ಟರು. ಹಳೆಯ ಯಿದ್ದಿಶ್ ಕಾರ್ಮಿಕ ಪತ್ರಿಕೆಗಳು ಗ್ರಂಥಾಲಯದಲ್ಲಿ ಫಿಲ್ಮಿನ ಸುರುಳಿಯಾಗಿ ಇವೆ. ಒಂದೊಂದು ವಾರ ಆರಿಸಿಕೊಂಡು, ಅದರಲ್ಲಿ ಒಂದು ಸುದ್ದಿಯನ್ನು ಅನುವಾದ ಮಾಡಿ, ಅದರ ಜನರನ್ನು ಕುರಿತು ಬರೆಯಬೇಕು. ಮಿಂಡಿ ಬೇರೆ ಯೋಚನೆ ಇಲ್ಲದೆ ತಾತ ಸತ್ತ ವಾರವನ್ನು ಆರಿಸಿದಳು. ಆ ವಾರ ಊರಿನಲ್ಲಿ ಏನಿತ್ತು, ರೊಟ್ಟಿಗೆ ಎಷ್ಟು, ಹಿಮ ಬಿದ್ದಿತ್ತೆ ನೋಡೋಣ ಅಂತ. ನೇಕಾರರ ಸಂಘದ ವಾರಪತ್ರಿಕೆಯ ಮೂರನೇ ಪುಟ ತಿರುಗಿಸಿದಾಗ ತನ್ನ ಮನೆತನದ ಹೆಸರು ಕಂಡಿತು.

ಆ ಹಾಳೆಯ ಪ್ರತಿ ತೆಗೆದುಕೊಂಡು ಮೂರು ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದಳು. ಮಿಲ್ಲಿನ ಕೆಲವು ಮಾತುಗಳು ನಿಘಂಟಿನಲ್ಲಿರಲಿಲ್ಲ. ಬುಧವಾರ ಮಧ್ಯಾಹ್ನ, ಅಜ್ಜಿ ಕಾಲುಚೀಲ ಹೊಲಿಯುತ್ತಿದ್ದಾಗ, ಆ ಮಾತುಗಳನ್ನು ಮಾತ್ರ ಕೇಳಿದಳು.

"ಅದಾ? ಸಾಮಾನು ಎತ್ತೋ ಲಿಫ್ಟು. ಬಾಗಿಲಿರಲ್ಲ ಅದಕ್ಕೆ, ಬರೀ ಹಲಗೆ. ಇನ್ನೊಂದು? ನೂಲಿನ ಉಗ್ರಾಣ." ಅಜ್ಜಿಯ ಸೂಜಿ ನಿಂತಿತು. "ಯಾವ ಪಾಠದಲ್ಲಿ ಬರುತ್ತೆ ಇದು? ಪೂರ್ತಿ ಓದು."

"ಆಮೇಲೆ ಓದ್ತೀನಿ ಅಜ್ಜಿ."

"ಓದು ಅಂದೆ."

ಮಿಂಡಿ ಓದಿದಳು. ಟೆಪ್ಲಿನ್ ಮಿಲ್ಲಿನಲ್ಲಿ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಲಿಫ್ಟಿನ ಹಗ್ಗ ಹರಿದು ನೇಕಾರ ಮೆಂಡೆಲ್ ಕ್ರೋನ್‌ಗೋಲ್ಡ್ ಸ್ಥಳದಲ್ಲೇ ಸತ್ತಿದ್ದಾನೆ. ಮಗ್ಗಗಳನ್ನು ನಿಲ್ಲಿಸಲಿಲ್ಲ. ಹೆಣವನ್ನು ನೂಲಿನ ಉಗ್ರಾಣದಲ್ಲಿ ಬಟ್ಟೆ ಮುಚ್ಚಿ ಇಟ್ಟು, ಆರು ಗಂಟೆಗೆ ಪಾಳಿ ಮುಗಿದ ಮೇಲೆ ಅವನ ಮನೆಗೆ ಸಾಗಿಸಿದರು. ಮನೆಯ ಮೆಟ್ಟಿಲಿನಿಂದ ಬಿದ್ದು ಸಂಜೆ ಆರೂ ನಲವತ್ತಕ್ಕೆ ಸಾವು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ಈ ಸಲ ಅಜ್ಜಿ ಒಂದು ಉಚ್ಚಾರವನ್ನೂ ತಿದ್ದಲಿಲ್ಲ. ಸೂಜಿಯನ್ನು ಕಾಲುಚೀಲಕ್ಕೆ ಚುಚ್ಚಿಟ್ಟು ಅಂದಳು: "ಮೂರೂವರೆ ಅಲ್ಲ. ಮೂರೂ ಇಪ್ಪತ್ತು."

"ಅಜ್ಜೀ…"

"ನಾನೂ ಅದೇ ಮಿಲ್ಲಲ್ಲಿ, ಎರಡನೇ ಮಹಡೀಲಿ ಕದಿರು ಸುತ್ತುತಿದ್ದೆ. ಕಟ್ಟಡ ಪೂರ್ತಿ ಅಲ್ಲಾಡ್ತು. ತಲೆ ಎತ್ತಿದಾಗ ಎದುರಿಗೆ ಗಡಿಯಾರ. ಮೇಸ್ತ್ರಿ ಬಂದು 'ನಿನ್ನ ಗಂಡನ ಕಾಲಿಗೆ ಪೆಟ್ಟಾಗಿದೆ, ಡಾಕ್ಟರು ನೋಡ್ತಿದಾರೆ, ಕೆಲಸ ಮಾಡು' ಅಂದ. ಮಾಡಿದೆ. ಆರು ಗಂಟೆವರೆಗೂ ಸುತ್ತಿದೆ. ಎರಡು ಗೋಡೆ ಆಚೆ ಅವರು ತಣ್ಣಗೆ ಮಲಗಿದ್ರು."

"ಮೆಟ್ಟಿಲಿಂದ ಬಿದ್ರು ಅಂತ ನೀನೇ ಹೇಳಿದ್ದೆಯಲ್ಲ!"

"ಹೇಳಿಸಿದ್ರು. ಯಜಮಾನ ಜೆಲಿಗ್ ಟೆಪ್ಲಿನ್ ತಾನೇ ಬಂದ, ಟೋಪಿ ಕೈಲಿ ಹಿಡ್ಕೊಂಡು. ಈ ಅಡುಗೆಮನೇಲೇ ಕೂತ. 'ಫೈಗ, ಸರ್ಕಾರದವರು ಬಂದ್ರೆ ಮಿಲ್ಲು ಮುಚ್ಚಿಸ್ತಾರೆ. ಎಪ್ಪತ್ತು ಮನೆ ಒಲೆ ಆರುತ್ತೆ, ಎಲ್ಲಾ ನಮ್ಮವರೇ. ಸ್ಮಶಾನದಲ್ಲಿ ಜಾಗ ನಾನು ಕೊಡ್ತೀನಿ, ಕಲ್ಲು ನಾನು ನಿಲ್ಲಿಸ್ತೀನಿ, ಹುಡುಗ ದೊಡ್ಡವನಾದ ಮೇಲೆ ಕೆಲಸ ಕೊಡ್ತೀನಿ' ಅಂದ. ಕಾಗದ ಇಟ್ಟ. ಹೆಸರು ಬರೆಯೋಕೂ ಬರ್ತಿರಲಿಲ್ಲ ನನಗೆ. ಒಂದು ಸೊನ್ನೆ ಸುತ್ತಿದೆ. ಪತ್ರಿಕೆಯವರು ಬಂದಾಗ ಬಾಗಿಲು ತೆಗೀಲಿಲ್ಲ."

ಲೆನೋರ್ ಅವತ್ತು ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಯಲ್ಲಿ ಸಾಮಾನಿನ ಚೀಲ, ಕೆಳಗಿಡುವುದನ್ನೇ ಮರೆತಿದ್ದಳು. "ಅತ್ತೆ, ಅದಕ್ಕೇನಾ? ಪ್ರತಿವರ್ಷ ಮಾವನ ತಿಥಿಗೆ ಮುಂಚಿನ ದಿನ ಹೊಟ್ಟೆ ಸರಿ ಇಲ್ಲ ಅಂತ ಏನೂ ತಿನ್ನದೆ ಕೂರ್ತೀರಲ್ಲ. ಇಪ್ಪತ್ತೆರಡು ವರ್ಷ ನಾನು ನನ್ನ ಸಾರಿನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ."

"ನಿನ್ನ ಸಾರೂ ನೀರೇ," ಅಂದಳು ಫೈಗ. "ಆದ್ರೆ ಅದು ಉಪವಾಸ."

ಆಗ ಮಿಂಡಿಗೆ ಲೆಕ್ಕ ಹೊಳೆಯಿತು. ಅವರಲ್ಲಿ ದಿನ ಹುಟ್ಟುವುದು ಬೆಳಗಿಗಲ್ಲ, ಸೂರ್ಯ ಮುಳುಗಿದಾಗ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಮೂರೂ ಇಪ್ಪತ್ತಕ್ಕೆ ಸತ್ತವನ ತಿಥಿ ಅವರ ಪಂಚಾಂಗದ ಕಿಸ್ಲೇವ್ ತಿಂಗಳ ಇಪ್ಪತ್ತು. ಆರೂ ನಲವತ್ತಕ್ಕೆ ಸತ್ತವನದು ಇಪ್ಪತ್ತೊಂದು. ಡಾಕ್ಟರು ಬರೆದ ಸುಳ್ಳು ಹೊತ್ತನ್ನು ನಂಬಿ ರಬ್ಬಿ ತಿಥಿ ಗೊತ್ತು ಮಾಡಿದ್ದರು. ಟೆಪ್ಲಿನ್ ನಿಲ್ಲಿಸಿದ ಕಲ್ಲಿನ ಮೇಲೆ ಅದನ್ನೇ ಕೆತ್ತಿದ್ದರು. ಮಿಲ್ಲಿನ ಯಜಮಾನ ದುಡಿಯುವವನ ಹಗಲನ್ನು ಕೊಂಡಿದ್ದು ಸಾಲದೆ ಅವನು ಸತ್ತ ದಿನವನ್ನೂ ಕೊಂಡಿದ್ದ. ಆರು ವರ್ಷದ ಸೀಮೋರ್ ಸ್ಟೂಲಿನ ಮೇಲೆ ನಿಂತು ಹೇಳಿದ, ಸತ್ತವರ ಹೆಸರಿನ ಮೊದಲ ಕದ್ದಿಶ್ ಪ್ರಾರ್ಥನೆಯಿಂದ ಹಿಡಿದು, ವರ್ಷವರ್ಷವೂ ತಂದೆಗಾಗಿ ನಿಂತದ್ದು ಅವನು ಸಾಯದ ದಿನದಂದು.

"ನಿಮ್ಮಪ್ಪನಿಗೆ ಹೇಳಬೇಡ," ಅಂದಳು ಲೆನೋರ್. "ಅವರಿಗೆ ಪೆನ್ಶನ್ನಿಗೆ ಇನ್ನು ಐದೇ ವರ್ಷ."

ಹಿಂಬದಿ ಮೆಟ್ಟಿಲಿನ ಮೇಲೆ ಸರಸರ ಸದ್ದಾಯಿತು. ಸೀಮೋರ್ ಮನೆ ಹೊಗುವ ಮುನ್ನ ಮಂಜು ಕಟ್ಟದಿರಲೆಂದು ಉಪ್ಪು ಚೆಲ್ಲುತ್ತಿದ್ದ. ಚಳಿಗಾಲ ಪೂರ್ತಿ ಅವನ ಮೊದಲ ಕೆಲಸ ಅದು. ಒಂದು ದಿನವೂ ತಪ್ಪಿಸಿದವನಲ್ಲ. ಬಾಗಿಲು ತೆಗೆದು, ಬರಿದಾದ ಡಬ್ಬ ಹಿಡಿದು ಒಳಗೆ ಬಂದ.

"ಸೀಮೋರ್," ಅಂದಳು ಫೈಗ, "ಆ ಮೆಟ್ಟಿಲಿಗೆ ಉಪ್ಪು ಹಾಕಿದ್ದು ಸಾಕು. ನಿಮ್ಮಪ್ಪ ಅಲ್ಲಿ ಬೀಳಲಿಲ್ಲ."

ಅವತ್ತು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮಿಂಡಿ ಹಾಳೆ ಓದಿದಳು, ಅಜ್ಜಿ ಇನ್ನೊಮ್ಮೆ ಹೇಳಿದಳು. ಸೀಮೋರ್ ಕೋಟು ಬಿಚ್ಚದೆ ನಿಂತೇ ಕೇಳಿದ.

"ನೀನು ಸುಮ್ಮನಿದ್ದೆ," ಅಂದ ಕೊನೆಗೆ, ತಾಯಿಗೆ. "ನಾನು ಆ ಟೆಪ್ಲಿನ್ ಹತ್ತಿರ ಕೆಲಸಕ್ಕೆ ಹೋದ ಮೊದಲ ದಿನ, ಹೋಗಿ ಕೈ ಕುಲುಕು ಅಂತ ಕಳಿಸಿದ್ದು ನೀನು. ಮೊಟ್ಟೆ ಕಟ್ಟಿಕೊಟ್ಟು ಕಳಿಸಿದ್ದೆ. ಆ ಕೈ ಕುಲುಕಿದೆನಲ್ಲಮ್ಮ ನಾನು!"

"ಹೌದು. ಹಸಿವು ಇತ್ತು ಕಣೋ."

"ಹಸಿವು ಹೋದ ಮೇಲಾದ್ರೂ ಹೇಳಬಹುದಿತ್ತು."

"ಹಸಿವು ಹೋದ ಮೇಲೆ ನಾಚಿಕೆ ಇತ್ತು."

ಅವನು ಮಿಂಡಿಯತ್ತ ತಿರುಗಿದ. ಸಿಟ್ಟು ಇಳಿಸಲು ಬೇರೆ ಜಾಗ ಇರಲಿಲ್ಲ. "ಇದನ್ನ ಬರೀತೀಯಾ? ಆ ಡೂಲಿಗೆ? ಅಂಕಕ್ಕೆ?"

"ಬರೀತೀನಿ."

"ಹೆಸರು ತೆಗೆದು ಬರಿ."

"ಹೆಸರು ತೆಗೆದ್ರೆ ಯಾರೋ ಸತ್ತ ಅಂತ ಆಗುತ್ತೆ ಅಪ್ಪ. ಯಾರೋ ಸತ್ತರೆ ಯಾರಿಗೇನು?"

"ಜೆಲಿಗ್ ಮಗ ಬರ್ಟನ್ ಟೆಪ್ಲಿನ್‌ಗೆ ಗೊತ್ತಾದ್ರೆ ನಾಳೆ ನನ್ನ ರಿಪೇರಿ ಸಾಮಾನು ಪೆಟ್ಟಿಗೆ ಬೀದೀಲಿರುತ್ತೆ! ಅಜ್ಜಿಯ ಮಾತ್ರೆ, ನಿನ್ನ ಬಸ್ಸು, ಮನೆ ಬಾಡಿಗೆ, ಎಲ್ಲಾ ಆ ಪೆಟ್ಟಿಗೆಯಿಂದ ಬರೋದು. ಆ ಹಾಳೆಯಿಂದಲ್ಲ. ಹೆಸರು ತೆಗಿ, ಇಲ್ಲ ಕೋರ್ಸು ಬಿಡು."

"ಎರಡೂ ಆಗಲ್ಲ."

ಸೀಮೋರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮುಂದಿನ ವಾರವೆಲ್ಲ ತಟ್ಟೆಯ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. "ಉಪ್ಪು ಕೊಡೋಕೆ ಹೇಳು ನಿನ್ನ ಮಗಳಿಗೆ," ಅಂತ ಅವನು ಲೆನೋರ್‌ಗೆ ಹೇಳುವುದು. "ಅಪ್ಪನ ಕೈಗೆಟುಕೋ ಹಾಗೇ ಇದೆ ಅಂತ ಹೇಳಮ್ಮ," ಅಂತ ಇವಳು. ತಾಯಿಯ ಜೊತೆ ಅವನಿಗೆ ಅಷ್ಟೂ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಅವಳ ಮಾತ್ರೆಗಳನ್ನು ತಟ್ಟೆಯಲ್ಲಿ ಎತ್ತಿಟ್ಟು, ಪಕ್ಕದಲ್ಲಿ ನೀರಿಟ್ಟು ಹೋಗುತ್ತಿದ್ದ. ಮೆಟ್ಟಿಲಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿಬಿಟ್ಟ. ಲೆನೋರ್ ಎರಡು ಸಲ ಜಾರಿ, ಬೈದುಕೊಂಡು ತಾನೇ ಹಾಕಿದಳು.

ನವೆಂಬರಿನ ಕೊನೆಯ ಗುರುವಾರ ಬರುವ ಕೃತಜ್ಞತೆಯ ಹಬ್ಬಕ್ಕೆ ಟೆಪ್ಲಿನ್ ಮಿಲ್ಲಿನಿಂದ ಪ್ರತಿ ಕೆಲಸಗಾರನಿಗೂ ಒಂದು ಟರ್ಕಿ ಕೋಳಿ ಬರುವುದು ವಾಡಿಕೆ. ಶಾಸ್ತ್ರಪ್ರಕಾರ ಕೊಯ್ದದ್ದು, ಕಾಲಿಗೆ ಕಂಪನಿಯ ಚೀಟಿ ಕಟ್ಟಿದ್ದು. ಲೆನೋರ್ ಬೆಳಿಗ್ಗೆಯಿಂದ ಬೇಯಿಸಿ ಮೇಜಿನ ಮೇಲಿಟ್ಟಳು. ಮಿಂಡಿ ತಟ್ಟೆ ಮಗುಚಿ ಕೂತಳು.

"ತಿನ್ನು," ಅಂದ ಸೀಮೋರ್. ಎಂಟು ದಿನದಲ್ಲಿ ಮಗಳಿಗೆ ನೇರ ಆಡಿದ ಮೊದಲ ಮಾತು.

"ಬೇಡ. ತಾತನ ಬೆಲೆ ಅದು."

"ನಲವತ್ತು ವರ್ಷದಿಂದ ಈ ಮನೇಲಿ ತಿಂದಿದ್ದೆಲ್ಲಾ ಅದೇ ಬೆಲೆಯಾ? ನೀನು ಹಾಕಿರೋ ಬೂಟು? ನಿನ್ನ ಹಲ್ಲಿಗೆ ಕಟ್ಟಿಸಿದ ತಂತಿ? ಹೇಳೇ, ಅದನ್ನೆಲ್ಲ ವಾಂತಿ ಮಾಡ್ಕೊಳ್ಳೋಣವಾ?"

ಬೂಟಿನೊಳಗೆ ಮಿಂಡಿಯ ಕಾಲುಬೆರಳುಗಳು ಮುದುರಿಕೊಂಡವು.

"ಕೋಳಿ ಏನು ಪಾಪ ಮಾಡಿದೆ?" ಅಂದಳು ಲೆನೋರ್, ಬಡಿಸುತ್ತ. "ಅದೂ ಟೆಪ್ಲಿನ್ ಲೆಕ್ಕದಲ್ಲಿ ಸತ್ತಿದ್ದೇ."

ಸೀಮೋರ್ ಒಂದು ತುಂಡು ಬಾಯಿಗಿಟ್ಟು, ಅಗಿದೂ ಅಗಿದೂ ನುಂಗಲಾರದೆ ಕರವಸ್ತ್ರದೊಳಗೆ ಉಗುಳಿ ಎದ್ದುಹೋದ.

ಸೋಮವಾರ ಶೂಲಿನಿಂದ ಕಾರ್ಡು ಬಂತು. ಊರಿನಲ್ಲಿ ಉಳಿದಿದ್ದ ಆ ಒಂದೇ ಪ್ರಾರ್ಥನಾಮಂದಿರ ಸತ್ತವರ ಮನೆಗೆಲ್ಲ ಪ್ರತಿವರ್ಷ ಕಳಿಸುವ ಕಾರ್ಡು: ಮೆಂಡೆಲ್ ಕ್ರೋನ್‌ಗೋಲ್ಡ್, ಕಿಸ್ಲೇವ್ ಇಪ್ಪತ್ತೊಂದು, ಡಿಸೆಂಬರ್ ಆರರ ಸೋಮವಾರ ಸಂಜೆ ಸೂರ್ಯ ಮುಳುಗಿದ ಮೇಲೆ ದೀಪ ಹಚ್ಚಿ. ಸೀಮೋರ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಮಿಂಡಿ ನೋಡಿಯೂ ನೋಡದ ಹಾಗೆ ಮೊಸರು ತೆಗೆದುಕೊಂಡಳು. ಅವಳ ಪ್ರಬಂಧ ಕೊಡಬೇಕಾದದ್ದೂ ಅದೇ ಸೋಮವಾರ. ಹೆಸರು ಹಾಗೇ ಇತ್ತು. ಆದರೆ ಕೊನೆಯ ಪುಟ ಖಾಲಿ ಇತ್ತು. ಆ ಮನೆಯವರು ಈಗ ಏನು ಮಾಡುತ್ತಾರೆ ಅಂತ ಬರೆಯಬೇಕಾದ ಪುಟ ಅದು.

ಗುರುವಾರ ರಾತ್ರಿ ಅವಳು ತರಗತಿ ಮುಗಿಸಿ ಬಂದಾಗ ಸೀಮೋರ್ ಮೇಜಿನ ಬಳಿ ಒಬ್ಬನೇ ಹೆರಿಂಗ್ ಮೀನು, ಈರುಳ್ಳಿ ಇಟ್ಟುಕೊಂಡು ಕೂತಿದ್ದ.

"ಕೂತ್ಕೋ," ಅಂದ. ಬ್ರೆಡ್ಡು ಅವಳ ಕಡೆ ತಳ್ಳಿದ. "ಬರ್ಟನ್ ಹತ್ತಿರ ಹೋಗಿದ್ದೆ."

ಮಿಂಡಿ ಕೂತಳು.

"ಸಭ್ಯವಾಗೇ ಕೇಳಿದೆ. 'ನಮ್ಮಪ್ಪನ ತಿಥಿ ಒಂದು ದಿನ ಮುಂಚೆ ಅಂತ ಗೊತ್ತಾಯ್ತು. ಶೂಲಿನ ಫಲಕದಲ್ಲಿ, ಕಲ್ಲಿನ ಮೇಲೆ ಬದಲಾಯಿಸಬೇಕು' ಅಂದೆ. ಯಾಕೆ, ಹೇಗೆ, ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ ನೋಡು. ಯಾಕೆ ಅಂತ ಕೇಳಲೇ ಇಲ್ಲ! ಗೊತ್ತು ಅವನಿಗೆ. ಅವರಪ್ಪ ಹೇಳಿ ಸತ್ತಿದಾನೆ."

"ಏನಂದ?"

"'ಸೀಮೋರ್, ಸತ್ತವರಿಗೆ ಒಂದು ದಿನ ಆಚೆ ಈಚೆ ಏನು ವ್ಯತ್ಯಾಸ? ಕಲ್ಲು ನಮ್ಮಪ್ಪ ನಿಲ್ಲಿಸಿದ್ದು, ಇರಲಿ ಬಿಡು' ಅಂದ. ಆಮೇಲೆ, 'ಮುಂದಿನ ವರ್ಷ ಅರ್ಧ ಮಗ್ಗ ದಕ್ಷಿಣಕ್ಕೆ ಸಾಗಿಸ್ತೀವಿ, ಇಲ್ಲಿ ಯಾರ್‍ಯಾರು ಉಳೀತಾರೆ ಅಂತ ಪಟ್ಟಿ ಮಾಡ್ತಿದೀನಿ' ಅಂದ. ನಗ್ತಾನೇ ಅಂದ. ನನಗೆ ಕಾಫಿ ಬೇರೆ ತರಿಸಿಕೊಟ್ಟ."

"ಕುಡಿದ್ರಾ?"

"ಕುಡಿದೆ ಕಣೇ," ಅಂದ ಸೀಮೋರ್. "ಕೊಟ್ಟದ್ದನ್ನೆಲ್ಲ ಕುಡಿದು ಅಭ್ಯಾಸ."

ಮಿಂಡಿ ಅವನ ಮುಂದಿನ ಮೀನಿನ ಮುಳ್ಳುಗಳನ್ನು ಒಂದೊಂದೇ ಬಿಡಿಸಿ ತಟ್ಟೆಯ ಅಂಚಿಗಿಟ್ಟಳು.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಸೀಮೋರ್ ಸ್ನಾನ ಮಾಡಿ ಬಂದು, "ಲೆನೋರ್, ಬಿಳಿ ಅಂಗಿ ಇಸ್ತ್ರಿ ಆಗಿದೆಯಾ?" ಅಂದ.

"ನಾಳೆಗೆ ತಾನೇ? ರಾತ್ರಿ ಮಾಡ್ತೀನಿ."

"ಇವತ್ತಿಗೆ."

ಲೆನೋರ್ ಅವನ ಮುಖ ನೋಡಿದಳು. ಪೆನ್ಶನ್ನು, ಪಟ್ಟಿ, ಬಾಡಿಗೆ ಎಲ್ಲ ಅವಳ ಬಾಯಿವರೆಗೆ ಬಂದಿರಬೇಕು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಹಾಕಿದಳು. ಬೆಳಗಿನಿಂದ ಕಿಟಕಿಯ ಬಳಿ ಕೂತಿದ್ದ ಫೈಗ ಕಪ್ಪು ಕೋಟು ಕೇಳಿದಳು.

"ಅಮ್ಮ, ನಿನ್ನ ಕೈಲಿ ಮೆಟ್ಟಿಲು ಹತ್ತೋಕಾಗಲ್ಲ," ಅಂದ ಸೀಮೋರ್. ಹದಿನೆಂಟು ದಿನದ ಮೇಲೆ ತಾಯಿಗೆ ಆಡಿದ ಮಾತು.

"ಹತ್ತಿಸು."

ಹತ್ತಿಸಿದ. ಶೂಲಿನಲ್ಲಿ ಹೆಂಗಸರು ಕೂರುವುದು ಮೇಲಿನ ಅಟ್ಟಣೆಯಲ್ಲಿ. ಮುನ್ನೂರು ಕುರ್ಚಿಯ ಅಟ್ಟಣೆಯಲ್ಲಿ ಅವತ್ತು ಅವರು ಮೂವರೇ. ಕೆಳಗೆ ಗಂಡಸರು. ಹತ್ತು ಮಂದಿ ಗಂಡಸರಿಲ್ಲದೆ ಅಲ್ಲಿ ಕದ್ದಿಶ್ ಹೇಳುವ ಹಾಗಿಲ್ಲ. ಒಂದು ಕಾಲಕ್ಕೆ ಬೀದಿಗೆಲ್ಲ ಚೆಲ್ಲುತ್ತಿದ್ದ ಜನ. ಈಗ ಕಾರ್ಯಸ್ಥ ಪಿಂಕಸ್ ಹತ್ತನೆಯವನಿಗಾಗಿ ಬಾಗಿಲಲ್ಲಿ ನಿಂತು ಕಾಯಬೇಕು. ಮನುಷ್ಯರನ್ನು ಎಣಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅವರಲ್ಲಿ ಭಯ. ಹಾಗಾಗಿ ಪಿಂಕಸ್ ಬೆರಳು ತೋರಿಸುತ್ತ ಗೊಣಗುತ್ತಿದ್ದ: "ಒಂದಲ್ಲ, ಎರಡಲ್ಲ, ಮೂರಲ್ಲ…" ಒಂಬತ್ತಲ್ಲ ಅಂತ ನಿಂತ. ಆಗ ಬಾಗಿಲು ತೆರೆದು, ಒಂಟೆಕೂದಲಿನ ಕೋಟು ತೊಟ್ಟ ಬರ್ಟನ್ ಟೆಪ್ಲಿನ್ ಬಂದ. ಅವನು ನದಿಯಾಚೆ ಇದ್ದರೂ ಭಾನುವಾರ ಸಂಜೆ ತಪ್ಪಿಸುತ್ತಿರಲಿಲ್ಲ. ಗೋಡೆಯ ಮೇಲೆ ಅವರಪ್ಪನ ಹೆಸರು ಎಲ್ಲರ ಹೆಸರಿಗಿಂತ ಮೇಲಿತ್ತು. "ಹತ್ತಲ್ಲ," ಅಂದ ಪಿಂಕಸ್ ಸಂತೋಷದಿಂದ.

ಸೂರ್ಯ ಮುಳುಗಿತು. ಸಂಜೆಯ ಪ್ರಾರ್ಥನೆ ಗಡಿಬಿಡಿಯಲ್ಲಿ ಮುಗಿಯಿತು. ಎಲ್ಲರೂ ಕೋಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗ ಸೀಮೋರ್ ಮುಂದೆ ಬಂದು ನಿಂತ.

"ಸೀಮೋರ್, ನಿಮ್ಮದು ನಾಳೆ," ಅಂದ ಪಿಂಕಸ್. "ಕಾರ್ಡು ಕಳಿಸಿದ್ದೆನಲ್ಲ."

"ಕಾರ್ಡು ತಪ್ಪು. ನಮ್ಮಪ್ಪ ಸತ್ತಿದ್ದು ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ. ಹಗಲಲ್ಲಿ. ಟೆಪ್ಲಿನ್ ಮಿಲ್ಲಿನೊಳಗೆ, ಲಿಫ್ಟಿನ ಕೆಳಗೆ. ಅವರ ತಿಥಿ ಇವತ್ತು."

ಅವನ ಮಿಲ್ಲಿನ ದನಿ ಆ ಖಾಲಿ ಕಟ್ಟಡದ ಛಾವಣಿವರೆಗೆ ಹೋಯಿತು. ಪಿಂಕಸ್ ಪುಸ್ತಕ ತೆರೆದು ಮುಚ್ಚಿದ. ಮುದುಕರಲ್ಲಿ ಇಬ್ಬರು ನೆಲ ನೋಡಿದರು. ಅವರೂ ಹಿಂದೆ ಆ ಮಿಲ್ಲಿನಲ್ಲಿ ನೇಯ್ದವರು. ಬರ್ಟನ್ ಟೆಪ್ಲಿನ್ ಬೆಂಚಿನ ಮೇಲಿದ್ದ ಕೈಗವಸು ತೆಗೆದುಕೊಂಡು ಬಾಗಿಲ ಕಡೆ ಹೊರಟ. ವಾದ ಮಾಡಬೇಕಾದ ಅಗತ್ಯವೇ ಅವನಿಗಿರಲಿಲ್ಲ. ಅವನು ಹೊಸ್ತಿಲು ದಾಟಿದರೆ ಉಳಿಯುವುದು ಒಂಬತ್ತು. ಒಂಬತ್ತು ಜನರೆದುರು ಸೀಮೋರ್ ಬಾಯಿ ತೆರೆಯುವಂತಿಲ್ಲ.

ಮಿಂಡಿ ಕಟಕಟೆ ಹಿಡಿದು ಎದ್ದಳು. ಆದರೆ ಅವಳಿಗಿಂತ ಮೊದಲು ಅವಳ ಪಕ್ಕದಿಂದ ದನಿ ಬಂತು. ಹೆಂಗಸರ ಅಟ್ಟಣೆಯಿಂದ ಕೆಳಗೆ ಯಾರಾದರೂ ಕೂಗಿ ಮಾತಾಡಿದ್ದನ್ನು ಆ ಶೂಲಿನಲ್ಲಿ ಯಾರೂ ಕೇಳಿರಲಿಲ್ಲ.

"ಬರ್ಟನ್! ಕೂತ್ಕೋ!"

ಅವನು ತಲೆ ಎತ್ತಿ ನೋಡಿದ.

"ನಿಮ್ಮಪ್ಪ ಬೇಡಿಕೊಂಡ ಅಂತ ನಾನು ನಲವತ್ತನಾಲ್ಕು ವರ್ಷ ಬಾಯಿ ಮುಚ್ಕೊಂಡು ಕೂತಿದ್ದೆ," ಅಂದಳು ಫೈಗ. "ನೀನು ಎರಡು ನಿಮಿಷ ಕೂತ್ಕೋ."

ನೆಲ ನೋಡುತ್ತಿದ್ದ ಮುದುಕರಲ್ಲಿ ಒಬ್ಬ ಮೆಲ್ಲಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಇನ್ನೊಬ್ಬ ಅವನ ಪಕ್ಕಕ್ಕೆ ಹೋದ. ತಡೆದರು ಅನ್ನುವ ಹಾಗೂ ಇರಲಿಲ್ಲ, ದಾರಿ ಬಿಟ್ಟರು ಅನ್ನುವ ಹಾಗೂ ಇರಲಿಲ್ಲ. ಬರ್ಟನ್ ಟೆಪ್ಲಿನ್ ಕೈಗವಸನ್ನು ಜೇಬಿಗೆ ತುರುಕಿ, ಹತ್ತಿರದ ಬೆಂಚಿನ ತುದಿಯಲ್ಲಿ ಕೂತ.

ಪಿಂಕಸ್ ಸೀಮೋರ್ ಕಡೆ ನೋಡಿ ತಲೆಯಾಡಿಸಿದ.

ಸೀಮೋರ್ ಆರಂಭಿಸಿದ. ಬಾಯಿಪಾಠವಾಗಿದ್ದ ಸಾಲುಗಳನ್ನು ಯಾವಾಗಲೂ ಬಸ್ಸು ಹಿಡಿಯುವವನ ಹಾಗೆ ಓಡಿಸುತ್ತಿದ್ದವನು ಇವತ್ತು ಒಂದೊಂದು ಮಾತಿಗೂ ನಿಂತ, ಎರಡು ಕಡೆ ತಪ್ಪಿದ, ಹಿಂದಕ್ಕೆ ಹೋಗಿ ಸರಿಮಾಡಿಕೊಂಡ. ಕೆಳಗಿನಿಂದ "ಆಮೆನ್" ಬಂತು. ಲೆನೋರ್ ಅತ್ತೆಯ ಕೈ ಹಿಡಿದುಕೊಂಡಿದ್ದಳು. ಬರ್ಟನ್ ಬಾಯಿಂದಲೂ ಬಂತೋ ಇಲ್ಲವೋ ಅಂತ ಮಿಂಡಿ ಬಗ್ಗಿ ನೋಡಿದಳು. ಅಟ್ಟಣೆಯಿಂದ ಅವನ ಬೆನ್ನಷ್ಟೇ ಕಾಣುತ್ತಿತ್ತು. ಬೆನ್ನು ಅಲ್ಲೇ ಇತ್ತು. ಹತ್ತಕ್ಕೆ ಅಷ್ಟು ಸಾಕಿತ್ತು.

ಆ ರಾತ್ರಿ ಮಿಂಡಿ ಪ್ರಬಂಧದ ಖಾಲಿ ಪುಟದ ಮೇಲೆ ಬರೆದಳು: ಕಿಸ್ಲೇವ್ ಇಪ್ಪತ್ತು, ಸಂಜೆ ಐದೂ ಹತ್ತು.